ಹುಲ್ಲಿನ ಪೆಟ್ಟಿಗೆಯ ಋಣ

ಈ ತಿಂಗಳ ಕೊನೆಗೆ ನಿವೃತ್ತಳಾಗುತ್ತಿದ್ದೇನೆ. ಸಕಲೇಶಪುರದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ 11 ವರ್ಷ ವಿಜ್ಞಾನ ಹೇಳಿಕೊಟ್ಟೆ. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನನಗೆ ಗಂಟಲು ಕಟ್ಟುವುದು ಖಚಿತ. ಅದಕ್ಕೆ ಹೇಳಬೇಕಾದ್ದನ್ನು ಇಲ್ಲೇ ಬರೆದುಬಿಡುತ್ತೇನೆ.

ಮೊದಲ ಋಣ ಎಂಟನೇ ತರಗತಿಯ ಒಬ್ಬ ಹುಡುಗಿಯದು. 60 ವ್ಯಾಟ್‌ನ ಹಳೆಯ ಬಲ್ಬಿನಷ್ಟೇ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ ಎಂದು ನಾನು ಉತ್ಸಾಹದಲ್ಲಿ ಹೇಳುತ್ತಿದ್ದಾಗ ಎದ್ದು ನಿಂತಳು. "ಮಿಸ್, ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಸೊನ್ನೆ ಬಿಲ್. ಉಳಿಸಿ ಯಾರಿಗೆ ಕೊಡುವುದು?" 200 ಯೂನಿಟ್ ದಾಟಿದರೆ ಪೂರ್ತಿ ಕಟ್ಟಬೇಕು ಎಂದೆ. ಅವರ ಮನೆಯಲ್ಲಿ 40 ಕೂಡ ದಾಟುವುದಿಲ್ಲವಂತೆ. ನನ್ನ ಬಳಿ ಮಾತಿರಲಿಲ್ಲ. ಪುಸ್ತಕ ಮುಚ್ಚಿ, ಮಕ್ಕಳನ್ನು ಮೀಟರ್ ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ.

ಅಲ್ಲಿ ನಮ್ಮ ಮೇಷ್ಟ್ರು ಊರಿನ ಲೈನ್‌ಮ್ಯಾನ್. ಮಾರು ದೂರದಲ್ಲಿ ಸೀಮೆಸುಣ್ಣದ ಗೆರೆ ಎಳೆದು, "ಇದನ್ನು ದಾಟಿದವರಿಗೆ ಪಾಠವಿಲ್ಲ" ಎಂದರು. ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಎಂದು ನಮ್ಮ ಮೀಟರಿನ ಮೈಮೇಲೆಯೇ ಅಚ್ಚಾಗಿದೆ. ಇಷ್ಟು ವರ್ಷ ಅದರ ಎದುರಿಗೇ ಓಡಾಡಿದರೂ ನಾನು ಓದಿರಲಿಲ್ಲ! ಶಾಲೆಯ ದೀಪ, ಫ್ಯಾನು ಎಲ್ಲವನ್ನೂ ಆರಿಸಿದೆವು. ಆದರೂ ಒಂಬತ್ತು ಸೆಕೆಂಡಿಗೊಮ್ಮೆ ಮಿಣುಕ್. ಮಕ್ಕಳು ನೆಲದ ಮೇಲೆಯೇ ಲೆಕ್ಕ ಹಾಕಿದರು: ಗಂಟೆಗೆ 400 ಮಿಣುಕು, ಅಂದರೆ 125 ವ್ಯಾಟ್, ದಿನಕ್ಕೆ 3 ಯೂನಿಟ್. ಕಳ್ಳ ಸಿಕ್ಕಿದ್ದು ಕಂಪ್ಯೂಟರ್ ಕೊಠಡಿಯಲ್ಲಿ. ಯಾರೂ ಬಳಸದ ಹಳೆಯ ಯುಪಿಎಸ್ ಮೂಲೆಯಲ್ಲಿ ಬೆಚ್ಚಗೆ ಕುಳಿತಿತ್ತು.

ಹುಡುಗಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಉತ್ತರ ಕೊಟ್ಟವರು ಬಿಸಿಯೂಟದ ಅಕ್ಕ. ಸಾರಿಗೆ ಒಗ್ಗರಣೆ ಹಾಕುತ್ತಲೇ, "ಕರೆಂಟಿಗೆ ಸೊನ್ನೆ ಸರಿ ಮಗಳೇ, ಸಿಲಿಂಡರನ್ನು ಯಾರಾದರೂ ಸೊನ್ನೆಗೆ ಕೊಡುತ್ತಾರಾ?" ಎಂದರು. ಅಲ್ಲಿಂದ ಶುರುವಾಯಿತು ಹುಲ್ಲಿನ ಪೆಟ್ಟಿಗೆ. ಕುದಿ ಬಂದ ಅನ್ನದ ಪಾತ್ರೆಯನ್ನು ಒಲೆಯಿಂದಿಳಿಸಿ ಭತ್ತದ ಹುಲ್ಲಿನ ನಡುವೆ ಹೂತಿಟ್ಟರೆ, ಹುಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅನ್ನ ತನ್ನಷ್ಟಕ್ಕೆ ಬೇಯುತ್ತದೆ. ಅಕ್ಕನದು ಒಂದೇ ಷರತ್ತು: "ಮಕ್ಕಳ ಊಟದ ಮೇಲೆ ಪ್ರಯೋಗ ಬೇಡ ಮಿಸ್, ನಿಮ್ಮ ಅನ್ನದ ಮೇಲೆ ಮಾಡಿಕೊಳ್ಳಿ."

ಮೊದಲ ದಿನ ನಾವು ಮೇಷ್ಟ್ರುಗಳೆಲ್ಲ ಅಕ್ಕಿಯನ್ನೇ ಅಗಿದೆವು. ಮುಚ್ಚಳ ಸಡಿಲವಾಗಿತ್ತು. ಬಡಗಿ ದುಡ್ಡು ತೆಗೆದುಕೊಳ್ಳದೆ ಅದನ್ನು ಸರಿಮಾಡಿಕೊಟ್ಟರು. ಒಬ್ಬ ಹುಡುಗ ಅಜ್ಜನ ಹಳೆಯ ಕಂಬಳಿ ತಂದ (ಅಜ್ಜನನ್ನು ಕೇಳಿ ತಂದನೋ ಇಲ್ಲವೋ, ನಾನು ವಿಚಾರಿಸಲಿಲ್ಲ). ಹುಲ್ಲನ್ನು ಗೇಣು ದಪ್ಪಕ್ಕೆ ಅದುಮಿ, ಒಂದೂವರೆ ಗಂಟೆ ಬಿಟ್ಟು ತೆಗೆದಾಗ ಅಗುಳು ಅಗುಳಾಗಿ ಬೆಂದಿತ್ತು. ಅಕ್ಕ ಒಂದಗುಳನ್ನು ಹಿಚುಕಿ ನೋಡಿ, ಏನೂ ಹೇಳದೆ, ಮರುದಿನ ತಮ್ಮ ಮನೆಗೂ ಒಂದು ಹಣ್ಣಿನ ಪೆಟ್ಟಿಗೆ ಹೊತ್ತುಕೊಂಡು ಹೋದರು. ನನಗೆ ಸಿಕ್ಕ ಸನ್ಮಾನಗಳಲ್ಲಿ ಅದೇ ದೊಡ್ಡದು.

ನನ್ನ ಗದ್ದಲವನ್ನು ಸಹಿಸಿದ ಮುಖ್ಯೋಪಾಧ್ಯಾಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ. ಮುಂದೆ ಬರುವ ವಿಜ್ಞಾನ ಶಿಕ್ಷಕರಿಗೆ ಒಂದು ಮಾತು: ಮೀಟರ್ ಲೆಕ್ಕದ ಪುಸ್ತಕ ಬೀರುವಿನ ಮೇಲಿನ ಅರೆಯಲ್ಲಿದೆ. ಪೆಟ್ಟಿಗೆಯ ಹುಲ್ಲನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ, ಬೂಷ್ಟು ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ಮುಚ್ಚಳ ಭದ್ರವಾಗಿ ಹಾಕಿಡಿ. ಹೋದ ವರ್ಷ ಒಂದು ಕೋಳಿ ಅದರಲ್ಲಿ ಕಾವಿಗೆ ಕುಳಿತಿತ್ತು.