ಯುಗಾದಿಗೆ ಹೊಸ ರೂಪ ಬರುವುದಿಲ್ಲ, ಯಾಕೆಂದರೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಈ ಯುಗಾದಿಗೆ ಹೊಸ ರೂಪದಲ್ಲಿ ಬರುತ್ತದೆ ಎಂದು ಹೇಳಿದ್ದೆವು. ಬರುವುದಿಲ್ಲ. ಹೊಸ ಬಣ್ಣ, ಐಕಾನು, ರಾತ್ರಿಗೆ ಕಪ್ಪು ಪರದೆ ಎಲ್ಲವನ್ನೂ ಪಕ್ಕಕ್ಕಿಟ್ಟಿದ್ದೇವೆ. ಯಾಕೆ ಅಂತ ಹೇಳಬೇಕಲ್ವಾ?

2025ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. 3ನೇ ತಾರೀಕು ರಾತ್ರಿ ಜಿಎಸ್‌ಟಿಯ ಹೊಸ ದರ ಪ್ರಕಟವಾಯಿತು, 22ರಿಂದ ಜಾರಿ. ಸೋಪು, ಟೂತ್‌ಪೇಸ್ಟು ಶೇ. 18ರಿಂದ 5ಕ್ಕೆ, ತುಪ್ಪ 12ರಿಂದ 5ಕ್ಕೆ, ಸಿಮೆಂಟು 28ರಿಂದ 18ಕ್ಕೆ ಇಳಿದವು. ಅಂಕಿ ಬದಲಿಸಿದರೆ ಮುಗೀತು ಅಂದುಕೊಂಡಿದ್ದೆವು. ಆದರೆ ನಮ್ಮಲ್ಲಿ ದರ ಇದ್ದದ್ದು ಸಾಮಾನಿನ ಹೆಸರಿನ ಪಕ್ಕ ಮಾತ್ರ, ಬಿಲ್ಲಿನೊಳಗಲ್ಲ. ಸೋಪಿಗೆ 18 ಅಳಿಸಿ 5 ಬರೆದರೆ ಆಗಸ್ಟಿನ ಹಳೇ ಬಿಲ್ಲೂ 5 ಅಂತಲೇ ಪ್ರಿಂಟಾಗುತ್ತಿತ್ತು! ಆಗ ಮಾರಿದ ಮಾಲು ವಾಪಸ್ ಬಂದರೆ ಹಳೇ ದರದಲ್ಲೇ ಕ್ರೆಡಿಟ್ ನೋಟ್ (ಆ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಚೀಟಿ) ಕೊಡಬೇಕು. ಅದೂ ತಪ್ಪುತ್ತಿತ್ತು.

2017ರಲ್ಲಿ ಜಿಎಸ್‌ಟಿ ಬಂದಾಗಲೇ ಮಾಡಬೇಕಿದ್ದ ಕೆಲಸ ಇದು. ‘ಆಮೇಲೆ ನೋಡೋಣ’ ಅಂತ ಬಿಟ್ಟಿದ್ದೆವು. ಸುಮ್ನೆ ಕೂತಿದ್ದೆವು ಅಂತಲ್ಲ. ಹೊಸ ದರ ಪ್ರಕಟವಾಗುವ ಹಿಂದಿನ ತಿಂಗಳಷ್ಟೇ ಬಟನ್ನಿನ ಮೂಲೆ ದುಂಡಗಿರಬೇಕೋ ಚೂಪಾಗಿರಬೇಕೋ ಎಂದು ನಾಲ್ಕು ದಿನ ಕಳೆದಿದ್ದೆವು. ಆ ಚರ್ಚೆ ಶುರು ಮಾಡಿದವನು ಈ ಪತ್ರ ಬರೆಯುತ್ತಿರುವ ನಾನೇ.

ಮೂರು ವಾರ ಸಹ ಇಲ್ಲದ ಆ ಸಮಯದಲ್ಲಿ ಹೇಗೋ ಸರಿ ಮಾಡಿದೆವು. ಈಗ ಪ್ರತಿ ಬಿಲ್ಲೂ ತನ್ನ ದರವನ್ನು ತಾನೇ ಇಟ್ಟುಕೊಳ್ಳುತ್ತದೆ. ಖರೀದಿ ಮತ್ತು ಸ್ಟಾಕಿನ ಲೆಕ್ಕದಲ್ಲಿ ಇದೇ ಕೆಲಸ ಇನ್ನೂ ಬಾಕಿ. ಮೊದಲು ಅದು. ಆಮೇಲೆ, ಕರೆಂಟು ಹೋದರೆ ಅರ್ಧ ಬರೆದ ಬಿಲ್ ಉಳಿಯಬೇಕು. ಬ್ಯಾಕಪ್ಪು ತಾನಾಗಿಯೇ ಆಗಬೇಕು, ಅದು ವಾಪಸ್ ತೆರೆಯುತ್ತದೆಯೇ ಎಂದು ನಾವು ನೋಡಿರಬೇಕು. ನಾವಿರುವುದು ಮೂರೇ ಜನ, ಹಾಗಾಗಿ ಇದರ ಜೊತೆಗೆ ಅಲಂಕಾರವೂ ಅಂದರೆ ಆಗದು.

ಕೆಲವು ಹೊಸ ಪರದೆಗಳು ಬೋಳುಬೋಳಾಗಿ ಕಾಣುತ್ತವೆ. ಒಂದೆರಡು ಕಡೆ ಅಕ್ಷರ ಸಾಲು ತಪ್ಪಿ ಕೂತಿರಬಹುದು. ಸ್ವಲ್ಪ ಸಹಿಸಿಕೊಳ್ಳಿ. ಆದರೆ ಪ್ರಿಂಟಾದ ಬಿಲ್ಲಿನ ವಿಷಯ ಬೇರೆ. ಅದು ನಿಮ್ಮ ಗಿರಾಕಿಯ ಕೈಗೆ ಹೋಗುತ್ತದೆ. ಅಲ್ಲಿ ಕನ್ನಡದ ಒತ್ತಕ್ಷರ ಒಡೆದರೆ ಅದನ್ನು ಅಂದದ ಮಾತು ಅಂತ ನಾವು ತಳ್ಳಿಹಾಕುವುದಿಲ್ಲ. ಫೋನ್ ಮಾಡಿ, ಅದೇ ದಿನ ನೋಡುತ್ತೇವೆ.

ನವೀಕರಣ ಶುಲ್ಕ ಈ ವರ್ಷ ಏರುವುದಿಲ್ಲ. ಹೊಸ ರೂಪಕ್ಕೆಂದೇ ಮುಂಗಡ ಕಟ್ಟಿದವರು ರಸೀದಿಯ ಫೋಟೋ ಕಳಿಸಿದರೆ ಹಣ ವಾಪಸ್ ಹಾಕುತ್ತೇವೆ.

ಇಂತಿ,
ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಮೂವರು