ಗೆದ್ದ ಮೇಲೂ ಕಾಯುವುದು ಯಾಕೆ ಮಾರಾಯ?

ಪ್ರೀತಿಯ ಸದಾನಂದ,

"ಚುನಾವಣೆ ಗೆದ್ದವರಿಗೆ ಮರುದಿನವೇ ಕುರ್ಚಿ ಮೇಲೆ ಕೂರಲು ಏನು ಧಾಡಿ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ಗಲ್ಲಾದ ಎದುರು ಜನ ನಿಂತಿದ್ದರು. ಈಗ ಊಟದ ಹೊತ್ತು ಮುಗಿದಿದೆ, ಬರೆಯುತ್ತೇನೆ.

ಮುಂಬೈಯ ಫೋರ್ಟ್‌ನಲ್ಲಿ ಹೋಟೆಲ್ ಇಟ್ಟವನಿಗೆ ಆ ಮಧ್ಯದ ದಿನಗಳು ಚೆನ್ನಾಗಿ ಗೊತ್ತು. 2024ರಲ್ಲಿ ನಮ್ಮ ಮಹಾರಾಷ್ಟ್ರ ವಿಧಾನಸಭೆಯ ಫಲಿತಾಂಶ ಬಂದದ್ದು ನವೆಂಬರ್ 23ಕ್ಕೆ. ಮೂರು ಪಕ್ಷ ಸೇರಿ 288ರಲ್ಲಿ 230 ಸೀಟು. ಯಾರ ಕೈಕಾಲು ಹಿಡಿಯುವ ಅಗತ್ಯವೂ ಇರಲಿಲ್ಲ. ಆದರೂ ಆಜಾದ್ ಮೈದಾನದಲ್ಲಿ ಮುಖ್ಯಮಂತ್ರಿಯಾಗಿ ಫಡಣವೀಸ್ ಪ್ರಮಾಣವಚನ ಆದದ್ದು ಡಿಸೆಂಬರ್ 5ಕ್ಕೆ. ಆವತ್ತೂ ಮೂವರೇ. ಉಳಿದ ಮಂತ್ರಿಗಳದ್ದು 15ಕ್ಕೆ, ನಾಗಪುರದಲ್ಲಿ. ಖಾತೆ ಹಂಚಿಕೆ 21ಕ್ಕೆ. ನಾಲ್ಕು ವಾರ ಮಾರಾಯ!

ಆಗ ಮಂತ್ರಾಲಯದ (ಇಲ್ಲಿನ ಸಚಿವಾಲಯ) ಗುಮಾಸ್ತರೊಬ್ಬರು ಸಂಜೆ ನಮ್ಮಲ್ಲಿ ಚಹಾಕ್ಕೆ ಬಂದು ಜಾಸ್ತಿ ಹೊತ್ತು ಕೂರುತ್ತಿದ್ದರು. "ಕೆಲಸ ಇಲ್ವಾ ಸಾಹೇಬ್ರೇ?" ಅಂದೆ. "ಕೆಲಸ ರಾಶಿ ಇದೆ ಅಣ್ಣಾ, ಸಹಿ ಹಾಕುವವರಿಲ್ಲ" ಅಂದರು. ಅವರ ಟೇಬಲ್ಲಿನಲ್ಲಿ ಯಾವಾಗಲೂ ಒಂದೇ ಮಾತು: ಯಾರಿಗೆ ಯಾವ ಖಾತೆ, ಯಾರಿಗೆ ಮಲಬಾರ್ ಹಿಲ್‌ನ ಯಾವ ಬಂಗಲೆ. ಯಾವ ಫೈಲು ಎಲ್ಲಿಗೆ ಬಂದು ನಿಂತಿದೆ ಅನ್ನುವ ಮಾತು ನನ್ನ ಕಿವಿಗೆ ಬಿದ್ದದ್ದೇ ಇಲ್ಲ.

ನನ್ನ ಸಿಟ್ಟು ಅದಕ್ಕೇ. ನಮ್ಮಲ್ಲಿ ಮ್ಯಾನೇಜರ್ ಬದಲಾದರೆ ಹಳಬ ಒಂದು ವಾರ ಹೊಸಬನ ಪಕ್ಕ ಕೂತು ಉದ್ರಿ ಪುಸ್ತಕ ತೋರಿಸುತ್ತಾನೆ, ಹಾಲಿನವನಿಗೆ ಎಷ್ಟು ಬಾಕಿ ಅಂತ ಹೇಳುತ್ತಾನೆ. ರಾಜ್ಯಕ್ಕೆ ಅಷ್ಟೂ ಬೇಡವಾ?

ಕಾನೂನು ಏನನ್ನುತ್ತದೆ ಅಂತ ಕೇಳಬಹುದು ನೀನು. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸಬೇಕು ಅಂತ ಸಂವಿಧಾನದ 164ನೇ ವಿಧಿ ಹೇಳುತ್ತದೆ. ಫಲಿತಾಂಶ ಬಂದು ಎಷ್ಟು ದಿನದೊಳಗೆ ಅಂತ ಹೇಳುವುದಿಲ್ಲ. ಆ ಸಂದಿಯಲ್ಲೇ ಎಲ್ಲ ಆಟ. 2019 ನೆನಪಿದೆಯಲ್ಲ? ಅಕ್ಟೋಬರ್ 24ಕ್ಕೆ ಫಲಿತಾಂಶ, ನವೆಂಬರ್ 12ಕ್ಕೆ ರಾಷ್ಟ್ರಪತಿ ಆಳ್ವಿಕೆ. 23ರ ಬೆಳಗ್ಗೆ ಗಲ್ಲಾದ ಮೇಲಿದ್ದ ಪೇಪರಿನಲ್ಲಿ ಉದ್ಧವ್ ಠಾಕ್ರೆ ಮುಖ್ಯಮಂತ್ರಿ ಆಗ್ತಾರೆ ಅಂತ ದಪ್ಪ ಅಕ್ಷರ. ತಲೆ ಎತ್ತಿದರೆ ಟಿವಿಯಲ್ಲಿ ಫಡಣವೀಸ್ ಪ್ರಮಾಣವಚನ! ರಾಷ್ಟ್ರಪತಿ ಆಳ್ವಿಕೆಯನ್ನು ಬೆಳಗಿನ 5.47ಕ್ಕೇ ತೆಗೆದಿದ್ದರು. ಗಿರಾಕಿಗಳು ಇಡ್ಲಿ ಬಿಟ್ಟು ಎದ್ದು ನಿಂತು ನೋಡಿದರು. ಆ ಸರ್ಕಾರ 26ಕ್ಕೆ ಬಿತ್ತು. 28ಕ್ಕೆ ಶಿವಾಜಿ ಪಾರ್ಕಿನಲ್ಲಿ ಉದ್ಧವ್.

ಬ್ರಿಟನ್ನಿನವರಂತೆ ಒಂದೇ ದಿನದಲ್ಲಿ ಮುಗಿಸಿ ಅಂತಲೂ ನಾನು ಹೇಳುವುದಿಲ್ಲ. ಅಲ್ಲಿ 2024ರ ಜುಲೈ 4ಕ್ಕೆ ಮತದಾನ, 5ಕ್ಕೆ ಪ್ರಧಾನಿ ಸುನಕ್ ಹೊರಗೆ, ಸ್ಟಾರ್ಮರ್ ಒಳಗೆ. ಅಮೆರಿಕದಲ್ಲಿ ನವೆಂಬರಿನಲ್ಲಿ ಗೆದ್ದ ಅಧ್ಯಕ್ಷರು ಮೊದಲು ಮಾರ್ಚ್ 4ರವರೆಗೆ ಕಾಯಬೇಕಿತ್ತು. 1932ರಲ್ಲಿ ಗೆದ್ದ ರೂಸ್‌ವೆಲ್ಟ್ ಅಧಿಕಾರಕ್ಕೆ ಬರುವಷ್ಟರಲ್ಲಿ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಆಮೇಲೆ ತಿದ್ದುಪಡಿಯಂತೆ ಜನವರಿ 20ಕ್ಕೆ ತಂದರು. 1963ರ ಕಾನೂನಿನ ಪ್ರಕಾರ ಗೆದ್ದವರ ತಂಡಕ್ಕೆ ಕಚೇರಿ, ದುಡ್ಡು ಎರಡನ್ನೂ ಸರ್ಕಾರವೇ ಕೊಡುತ್ತದೆ. ಎರಡೂವರೆ ತಿಂಗಳು ಜಾಸ್ತಿಯೇ ಆಯಿತು, ಆದರೆ ತಾರೀಕು ಮೊದಲೇ ಗೊತ್ತಿರುತ್ತದಲ್ಲ. ನಮಗೆ ಹತ್ತು ದಿನ ಸಾಕು. ಹಳೆ ಮಂತ್ರಿ, ಹೊಸ ಮಂತ್ರಿ, ಕಾರ್ಯದರ್ಶಿ ಎದುರೆದುರು ಕೂತು ಬಾಕಿ ಕೆಲಸದ ಲೆಕ್ಕ ಒಪ್ಪಿಸಬೇಕು, ಅಷ್ಟೇ.

ನಿಮ್ಮ ಕರ್ನಾಟಕದ್ದು ಹೇಳಿ ಕೊಚ್ಚಿಕೊಳ್ಳಬೇಡ ಮತ್ತೆ. 2023ರಲ್ಲಿ ಮೇ 13ಕ್ಕೆ ಫಲಿತಾಂಶ, 20ಕ್ಕೆ ಕಂಠೀರವದಲ್ಲಿ ಪ್ರಮಾಣವಚನ. ನಡುವಿನ ದಿನಗಳಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರೂ ದೆಹಲಿಗೆ ಹೋದದ್ದು ಫೈಲು ನೋಡಲಿಕ್ಕಲ್ಲ.

ಉತ್ತರ ಬರೆ. ವಾಟ್ಸಾಪಿನಲ್ಲಿ ಸುಮ್ನೆ ಹೆಬ್ಬೆರಳು ಒತ್ತಿ ತಪ್ಪಿಸಿಕೊಳ್ಳಬೇಡ.

ನಿನ್ನ,
ಫೋರ್ಟ್‌ನ ಗೆಳೆಯ