ಪಿಷ್ಟ ಬಿಡಿಸುವವರು ಉಪ್ಪಿನ ಮಾತನ್ನೂ ಹೇಳಲಿ

ಮಾನ್ಯ ಸಂಪಾದಕರೆ,

ತೂಕ ಇಳಿಸಲು ಮತ್ತು ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಲು ಕಾರ್ಬೋಹೈಡ್ರೇಟ್ (ಪಿಷ್ಟ) ಕಡಿಮೆ ಮಾಡಿ ಎನ್ನುವ ಬರಹಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತಿವೆ. ಯಾವುದನ್ನು ಬಿಡಬೇಕು, ಎಷ್ಟು ಬಿಡಬೇಕು, ಜೊತೆಗೆ ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡಬೇಕು ಎಂಬುದನ್ನೆಲ್ಲ ವಿವರವಾಗಿ ತಿಳಿಸುವ ಈ ಬರಹಗಳಲ್ಲಿ ಹೆಚ್ಚಿನವು, ಮೊದಲ ಕೆಲವು ವಾರಗಳಲ್ಲಿ ವ್ಯಾಯಾಮದ ನಡುವೆಯೇ ಮೀನಖಂಡವೋ ತೊಡೆಯೋ ಪಾದವೋ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಳ್ಳಬಹುದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೂ ‘ನೀರು ಹೆಚ್ಚು ಕುಡಿಯಿರಿ’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಈ ಅರೆಬರೆ ಸಲಹೆಯಿಂದ ನೋವುಂಡವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಲವು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಓಡುವ ಅಭ್ಯಾಸ ನನಗಿದೆ. ಕಳೆದ ವರ್ಷ ದಿನದ ಕಾರ್ಬೋಹೈಡ್ರೇಟನ್ನು ಒಮ್ಮೆಲೇ 50 ಗ್ರಾಂಗಿಂತ ಕೆಳಕ್ಕೆ ತಂದೆ. ಓಟವನ್ನು ಮಾತ್ರ ಎಂದಿನಂತೆಯೇ ಮುಂದುವರಿಸಿದೆ. ಒಂದು ವಾರದೊಳಗೆ ತೂಕ ಎರಡು ಕಿಲೊ ಇಳಿದಾಗ ಬಹಳ ಸಂತೋಷಪಟ್ಟೆ. ಎಂಟನೆಯ ದಿನ ಓಡುತ್ತಿದ್ದಾಗ ಬಲಗಾಲಿನ ಮೀನಖಂಡ ಎಷ್ಟು ಬಿಗಿಯಾಗಿ ಹಿಡಿದುಕೊಂಡಿತೆಂದರೆ, ಕುಳಿತು ಎರಡೂ ಕೈಗಳಿಂದ ಒತ್ತಿದರೂ ಅದು ಸಡಿಲವಾಗಲಿಲ್ಲ. ಅಂದು ರಾತ್ರಿ ನಿದ್ದೆಯಲ್ಲಿ ಇನ್ನೊಂದು ಕಾಲಿಗೂ ಹಾಗೆಯೇ ಆಯಿತು. ವ್ಯಾಯಾಮ ಹೇಳಿಕೊಡುತ್ತಿದ್ದವರನ್ನು ಕೇಳಿದಾಗ ನೀರು ಸಾಲುತ್ತಿಲ್ಲ ಎಂದರು. ಅವರ ಮಾತನ್ನು ನಂಬಿ ದಿನಕ್ಕೆ ನಾಲ್ಕು ಲೀಟರಿನವರೆಗೆ ಕುಡಿದೆ. ಸೆಳೆತ ಕಡಿಮೆಯಾಗುವುದಿರಲಿ, ತಲೆನೋವೂ ಎದ್ದು ನಿಂತಾಗ ಕಣ್ಣು ಕತ್ತಲಿಡುವುದೂ ಸೇರಿಕೊಂಡವು. ಕೊನೆಗೆ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಉಪ್ಪು ಎಷ್ಟು ತಿನ್ನುತ್ತಿದ್ದೀರಿ ಎಂಬುದು. ಪೊಟ್ಟಣದ ತಿನಿಸುಗಳನ್ನೆಲ್ಲ ನಿಲ್ಲಿಸಿದ್ದರಿಂದ ಅವುಗಳಲ್ಲಿದ್ದ ಉಪ್ಪೂ ಜೊತೆಯಲ್ಲೇ ನಿಂತುಹೋಗಿತ್ತು; ಅದು ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಆ ಪ್ರಶ್ನೆಯ ಹಿಂದಿರುವ ಕಾರಣ ಎಲ್ಲರಿಗೂ ತಿಳಿದಿರಬೇಕಾದದ್ದು. ನಾವು ತಿನ್ನುವ ಪಿಷ್ಟದ ಒಂದು ಭಾಗ ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ದಾಸ್ತಾನಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ದಾಸ್ತಾನು ಕರಗಿದಂತೆ ಆ ನೀರೂ ಹೊರಹೋಗುತ್ತದೆ. ಮೊದಲ ವಾರದಲ್ಲಿ ಇಳಿಯುವ ತೂಕದ ಬಹುಪಾಲು ಈ ನೀರೇ ಹೊರತು ಕೊಬ್ಬಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ಸುಲಿನ್‌ನ ಪಾತ್ರ. ರಕ್ತದ ಸಕ್ಕರೆಯನ್ನು ನಿಭಾಯಿಸುವುದರ ಜೊತೆಗೆ, ಉಪ್ಪಿನಲ್ಲಿರುವ ಸೋಡಿಯಂ ಅನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಸೂಚನೆ ಕೊಡುವ ಹಾರ್ಮೋನೂ ಅದೇ ಆಗಿದೆ. ಪಿಷ್ಟ ಕಡಿಮೆಯಾಗಿ ಇನ್ಸುಲಿನ್ ಇಳಿದ ಕೂಡಲೇ ಮೂತ್ರಪಿಂಡಗಳು ಸೋಡಿಯಂ ಅನ್ನು ಮೂತ್ರದೊಡನೆ ಬಿಟ್ಟುಕೊಡಲು ತೊಡಗುತ್ತವೆ. ಆ ನಷ್ಟವನ್ನು ತಡೆಯಲು ದೇಹ ಆಲ್ಡೋಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸೋಡಿಯಂ ಉಳಿಸುವ ಭರದಲ್ಲಿ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಇಂಥ ಸ್ಥಿತಿಯಲ್ಲಿ ಬೆವರು ಸುರಿಯುವಂತೆ ಓಡಿದರೆ, ಒಂದು ಲೀಟರ್ ಬೆವರಿನಲ್ಲಿ ಅರ್ಧ ಗ್ರಾಂನಿಂದ ಹಿಡಿದು ಒಂದೂವರೆ ಗ್ರಾಂಗೂ ಹೆಚ್ಚು ಸೋಡಿಯಂ ಹೋಗಬಹುದಾದ್ದರಿಂದ, ಮೊದಲೇ ಬರಿದಾಗುತ್ತಿರುವ ಕಣಜಕ್ಕೆ ಇನ್ನೊಂದು ಬಾಗಿಲನ್ನೂ ತೆರೆದಂತಾಗುತ್ತದೆ.

ಇದು ನನ್ನೊಬ್ಬಳ ಅನುಭವವಲ್ಲ. 2004ರಲ್ಲಿ ‘ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಿಷ್ಟ ಕಡಿಮೆ ಇರುವ ಆಹಾರವನ್ನೂ ಇನ್ನೊಂದಕ್ಕೆ ಕೊಬ್ಬು ಕಡಿಮೆ ಇರುವ ಆಹಾರವನ್ನೂ 24 ವಾರಗಳ ಕಾಲ ಗೊತ್ತುಮಾಡಲಾಗಿತ್ತು. ಪಿಷ್ಟ ಬಿಟ್ಟವರಲ್ಲಿ ಶೇ 35ರಷ್ಟು ಮಂದಿ ಸ್ನಾಯು ಸೆಳೆತವನ್ನು ಹೇಳಿಕೊಂಡರೆ, ಕೊಬ್ಬು ಬಿಟ್ಟವರಲ್ಲಿ ಹಾಗೆ ಹೇಳಿದವರು ಶೇ 7ರಷ್ಟು ಮಾತ್ರ. ಮೂವರಲ್ಲಿ ಒಬ್ಬರಿಗೆ ಬರುವ ತೊಂದರೆಯನ್ನು ಅಪರೂಪದ್ದೆಂದು ಬಿಟ್ಟುಬಿಡುವಂತಿಲ್ಲ.

ಬರೀ ನೀರಿನ ಸಲಹೆ ಏಕೆ ಸಾಲದು ಎಂಬುದೂ ಹೊಸ ವಿಷಯವಲ್ಲ. ಇಂಗ್ಲೆಂಡಿನ ಬಿಸಿಯಾದ, ಆಳವಾದ ಕಲ್ಲಿದ್ದಲು ಗಣಿಗಳಲ್ಲಿ ವಿಪರೀತ ಬೆವರುತ್ತ ಬರೀ ನೀರು ಕುಡಿಯುತ್ತಿದ್ದ ಕೆಲಸಗಾರರನ್ನು ಕಾಡುತ್ತಿದ್ದ ಸೆಳೆತದ ಬಗ್ಗೆ ಸಂಶೋಧಕ ಕೆ. ನೆವಿಲ್ ಮಾಸ್ 1923ರಲ್ಲೇ ಬರೆದಿದ್ದರು. ಬೆವರಿನಲ್ಲಿ ಹೋದ ಉಪ್ಪನ್ನು ತುಂಬದೆ ನೀರನ್ನಷ್ಟೇ ತುಂಬುವುದು ಇದಕ್ಕೆ ಕಾರಣವೆಂದು ಅವರು ಗುರುತಿಸಿದ್ದರು. ಬಾಯಾರಿಕೆಯನ್ನು ಮೀರಿ ನೀರು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಯ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು.

ಹಾಗೆಂದು ಉಪ್ಪೊಂದೇ ಎಲ್ಲಕ್ಕೂ ಉತ್ತರವೆಂದು ಹೇಳಿದರೆ ನಾನೂ ಇನ್ನೊಂದು ಅರ್ಧ ಸತ್ಯವನ್ನು ಹಂಚಿದಂತಾಗುತ್ತದೆ. ವ್ಯಾಯಾಮದಲ್ಲಿ ಬರುವ ಸೆಳೆತಕ್ಕೆ ದಣಿದ ಸ್ನಾಯುವಿಗೂ ಬೆನ್ನುಹುರಿಗೂ ನಡುವಿನ ನರಗಳ ಹತೋಟಿ ತಪ್ಪುವುದೇ ಮುಖ್ಯ ಕಾರಣವೆಂದು ದಕ್ಷಿಣ ಆಫ್ರಿಕಾದ ವೈದ್ಯ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ವಾದ ಮಂಡಿಸಿದ್ದು, ಇಂದು ಅದಕ್ಕೆ ಸಾಕಷ್ಟು ಮನ್ನಣೆಯಿದೆ. ಹಿಡಿದುಕೊಂಡ ಸ್ನಾಯುವನ್ನು ನಿಧಾನವಾಗಿ ಹಿಗ್ಗಿಸಿ ಹಿಡಿದರೆ ರಕ್ತದ ಲವಣದಲ್ಲಿ ಯಾವ ಬದಲಾವಣೆಯೂ ಆಗದೆ ಸೆಳೆತ ಬಿಡುತ್ತದೆ ಎಂಬುದು ಈ ವಾದಕ್ಕೆ ಒಳ್ಳೆಯ ಪುರಾವೆ. ನನಗನ್ನಿಸುವಂತೆ, ಪಿಷ್ಟ ಬಿಟ್ಟವರಲ್ಲಿ ಈ ಎರಡೂ ಕಾರಣಗಳು ಬಂದು ಕೂಡುತ್ತವೆ. ಗ್ಲೈಕೋಜೆನ್ ಕಡಿಮೆಯಿರುವ ಸ್ನಾಯು ಬೇಗ ದಣಿಯುತ್ತದೆ. ಸ್ನಾಯು ಬಿಗಿಯುವುದಕ್ಕೆ ಹೇಗೋ ಹಾಗೆಯೇ ಸಡಿಲಗೊಳ್ಳುವುದಕ್ಕೂ ಶಕ್ತಿ ಬೇಕು. ಬಿಗಿತಕ್ಕೆ ಕಾರಣವಾದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಕೋಶದೊಳಗಿನ ಜಾಗಕ್ಕೆ ಸೇರಿಸುವ ಕೆಲಸ ಶಕ್ತಿಯ ವೆಚ್ಚವಿಲ್ಲದೆ ನಡೆಯುವುದಿಲ್ಲ.

ಆದ್ದರಿಂದಲೇ ಉಪ್ಪಿನಷ್ಟೇ ಮುಖ್ಯವಾದ ಇನ್ನೊಂದು ಮಾತು, ಮೊದಲ ಮೂರು ನಾಲ್ಕು ವಾರ ವ್ಯಾಯಾಮದ ವೇಗವನ್ನೂ ಅವಧಿಯನ್ನೂ ತಗ್ಗಿಸಬೇಕು ಎಂಬುದು. ಕೊಬ್ಬನ್ನೇ ಮುಖ್ಯ ಇಂಧನವಾಗಿ ಬಳಸಲು ಸ್ನಾಯುಗಳಿಗೆ ಕಾಲಾವಕಾಶ ಬೇಕು. 1983ರಲ್ಲಿ ಸಂಶೋಧಕ ಸ್ಟೀಫನ್ ಫಿನ್ನಿ ಅವರು ನುರಿತ ಐವರು ಸೈಕಲ್ ಸವಾರರಿಗೆ ನಾಲ್ಕು ವಾರ ಪಿಷ್ಟ ಬಹುತೇಕ ಇಲ್ಲದ ಆಹಾರ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ, ಮಧ್ಯಮ ವೇಗದಲ್ಲಿ ದೀರ್ಘಕಾಲ ತುಳಿಯುವ ಸಾಮರ್ಥ್ಯ ಸರಾಸರಿಯಲ್ಲಿ ಕುಗ್ಗಲಿಲ್ಲ. ಈ ಪರೀಕ್ಷೆಯನ್ನು ಉದಾಹರಿಸುವವರು ಬಹಳ ಮಂದಿ; ಆ ಸವಾರರಿಗೆ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳನ್ನು ಬೇರೆಯಾಗಿ ಕೊಡಲಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ನಾನಂತೂ ಓಟವನ್ನು ನಡಿಗೆಗೆ ಇಳಿಸಿ, ವೈದ್ಯರು ಹೇಳಿದಷ್ಟು ಉಪ್ಪನ್ನು ಸೇರಿಸಿಕೊಂಡ ಮೇಲೆ ಎರಡು ವಾರಗಳೊಳಗೆ ಸೆಳೆತದಿಂದ ಪಾರಾದೆ. ಇವೆರಡರಲ್ಲಿ ಯಾವುದು ಹೆಚ್ಚು ಗುಣ ಕೊಟ್ಟಿತೆಂದು ನನ್ನೊಬ್ಬಳ ಅನುಭವದಿಂದ ತೀರ್ಮಾನಿಸುವುದು ಸರಿಯಲ್ಲ.

ಸೆಳೆತವೆಂದರೆ ಮೆಗ್ನೀಸಿಯಂ ಮಾತ್ರೆ ಎನ್ನುವ ರೂಢಿಯೂ ಬೆಳೆದಿದೆ. ಲಭ್ಯ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿದ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ, ವಯಸ್ಸಾದವರ ಸೆಳೆತಕ್ಕೆ ಅದರಿಂದ ಗಣನೀಯ ಪ್ರಯೋಜನವಿರುವ ಸಂಭವ ಕಡಿಮೆ ಎಂದಿತು. ವ್ಯಾಯಾಮದ ಸೆಳೆತದ ಬಗ್ಗೆ ಪರಿಶೀಲಿಸಲು ಅದಕ್ಕೆ ಒಂದು ಪ್ರಯೋಗವೂ ದೊರೆಯಲಿಲ್ಲ.

ನನಗೆ ನಿಜವಾಗಿ ಭಯವಿರುವುದು ಬೇರೆ ಔಷಧಿಗಳನ್ನು ಸೇವಿಸುತ್ತಲೇ ಈ ಆಹಾರ ಕ್ರಮಕ್ಕೆ ಇಳಿಯುವವರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಈ ಪತ್ರವನ್ನು ಓದಿ ತಾವಾಗಿಯೇ ಉಪ್ಪು ಹೆಚ್ಚಿಸಿಕೊಂಡರೆ ಅದು ದೊಡ್ಡ ತಪ್ಪಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಮಾತ್ರೆಯೂ ಆಹಾರವೂ ಒಂದೇ ದಿಕ್ಕಿನಲ್ಲಿ ಉಪ್ಪನ್ನು ಹೊರತಳ್ಳುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸುವಂಥವಾದ್ದರಿಂದ, ಅವುಗಳ ಜೊತೆ ಪೊಟ್ಯಾಸಿಯಂ ಪುಡಿಯನ್ನೋ ಮಾತ್ರೆಯನ್ನೋ ನುಂಗಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ಪಿಷ್ಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಧುಮೇಹದ ಮಾತ್ರೆಗಳು ಕೆಲವರಲ್ಲಿ, ರಕ್ತದ ಸಕ್ಕರೆ ಅಷ್ಟಾಗಿ ಏರದಿದ್ದರೂ, ರಕ್ತವನ್ನು ಆಮ್ಲೀಯವಾಗಿಸುವ ಕೀಟೋಆ್ಯಸಿಡೋಸಿಸ್‌ಗೆ ಕಾರಣವಾಗುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಸಿದೆ. ಪಿಷ್ಟ ತೀರ ಕಡಿಮೆಯಾದರೆ ಆ ಅಪಾಯ ಇನ್ನೂ ಹೆಚ್ಚು. ಇವರೆಲ್ಲರೂ ಆಹಾರ ಬದಲಿಸುವ ಮೊದಲೇ ವೈದ್ಯರನ್ನು ಕಾಣಬೇಕು.

ಇಷ್ಟೆಲ್ಲ ಹೇಳಿದ್ದರಿಂದ ಈ ಆಹಾರ ಕ್ರಮವೇ ತಪ್ಪೆಂದು ಯಾರೂ ಭಾವಿಸಬಾರದು. ನಾನು ಇಂದಿಗೂ ಅದನ್ನೇ ಪಾಲಿಸುತ್ತಿದ್ದೇನೆ, ಸಕ್ಕರೆ ಕಾಯಿಲೆ ಇರುವ ಅನೇಕರಿಗೆ ಅದರಿಂದ ಒಳಿತಾಗಿದೆ. ನನ್ನ ಕೋರಿಕೆ ಇಷ್ಟೇ: ಇಂಥ ಬರಹ ಪ್ರಕಟಿಸುವಾಗ ಉಪ್ಪಿನ ವಿಷಯವನ್ನೂ, ವ್ಯಾಯಾಮ ತಗ್ಗಿಸಬೇಕಾದ ವಿಷಯವನ್ನೂ, ಯಾರು ವೈದ್ಯರನ್ನು ಕೇಳದೆ ಮುಂದುವರಿಯಬಾರದು ಎಂಬುದನ್ನೂ ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಮುದ್ರಿಸಬೇಕು. ಸೆಳೆತ ಬಂದ ಕೂಡಲೇ ನಿಂತು, ಮೀನಖಂಡವಾದರೆ ಮಂಡಿಯನ್ನು ನೇರವಾಗಿಟ್ಟು ಕಾಲ್ಬೆರಳುಗಳನ್ನು ತಮ್ಮ ಕಡೆಗೆ ಎಳೆದು ಹಿಡಿಯಬೇಕು ಎಂಬ ಸರಳ ಉಪಾಯವನ್ನೂ ಅಲ್ಲಿ ತಿಳಿಸಬೇಕು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ವ್ಯಾಯಾಮದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದ್ದರೆ, ಎದೆಬಡಿತ ತಾಳ ತಪ್ಪಿದರೆ ಅದು ಬರೀ ಸೆಳೆತವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು ಎಂಬುದನ್ನಂತೂ ದಯವಿಟ್ಟು ಬಿಡಬೇಡಿ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು